ಎಳೆಹಗ್ಗ

ಹಗ್ಗ ಹರಿದದ್ದಲ್ಲ, ಕೊಯ್ದದ್ದು. ಹರಿದ ಹಗ್ಗಕ್ಕೆ ಗಡ್ಡ ಮೂಡುತ್ತದೆ. ಇದರ ತುದಿ ಆಗತಾನೇ ಕ್ಷೌರ ಮುಗಿಸಿ ಎದ್ದವನ ಗಲ್ಲದ ಹಾಗೆ ನುಣ್ಣಗಿತ್ತು. ಅಕ್ಕ ಅದನ್ನು ತಂಗಿಯ ಮುಖದೆದುರು ಹಿಡಿದಳು.

“ಇದೇನೇ?”

“ನಾನು ಮುಟ್ಟಿಲ್ಲ ಅಕ್ಕ. ಎಷ್ಟು ಸಲ ಹೇಳಲಿ?”

“ಸೊಂಟಕ್ಕೆ ಚಾಕು ಕಟ್ಕೊಂಡು ತಿರುಗೋದು ಯಾರು, ನಾನಾ?”

ತಂಗಿ ಬಲೆ ಹೆಣೆಯುವವಳು. ಚಾಕು ಅವಳಿಗೆ ಆರನೆಯ ಬೆರಳು. ಅಪ್ಪ ಬಿಟ್ಟುಹೋದ ಮನೆ, ದೋಣಿ, ಅದರ ಮುದಿ ಮೋಟಾರು ಮೂರೂ ಇಬ್ಬರಿಗೂ ಸೇರಿದ್ದು. “ಈ ಗುಜರಿ ಮಾರಿಬಿಡೋಣ” ಎಂದು ತಂಗಿ ಅಂದದ್ದು ನಿಜ. ಅಕ್ಕ ಒಪ್ಪದೇ ಇದ್ದದ್ದೂ ನಿಜ. ಅದಾದ ಮೇಲೆ ಮೊನ್ನೆ ನಡುನೀರಿನಲ್ಲಿ ಮೋಟಾರು ನಿಂತಿತು. ಮತ್ತೆ ಹೊತ್ತಿಸಲು ಎಳೆದರೆ ಹಗ್ಗವೇ ಕೈಗೆ ಬಂತು. ಜನ ತುಂಬಿದ್ದ ದೋಣಿ ಬಂಡೆಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು.

ದಡದಲ್ಲಿ ಬಕೆಟ್ ಬೋರಲು ಹಾಕಿ ಕೂತಿದ್ದ ಅಕ್ಕನ ಗಂಡ ನಿಟ್ಟುಸಿರು ಬಿಟ್ಟ. “ಬೇಲೀನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಅಂತ ದೂರೋದು?”

ತಂಗಿಯ ಬಟ್ಟೆಚೀಲ ಅವನ ಕಾಲ ಬಳಿಯೇ ಇತ್ತು. ಬಸ್ಸು ಸಿಗುವುದು ಆಚೆ ದಡದಲ್ಲಿ. ಮನೆ ಬಿಡಿಸಿ ಕಳಿಸಬೇಕೆಂದರೂ ಈ ಮೋಟಾರೇ ಹೊತ್ತಿಕೊಳ್ಳಬೇಕು.

“ಇಲ್ಲಿ ಕೊಡು, ನಾನೇ ಹಾಕ್ತೀನಿ. ಹೋದ ತಿಂಗಳು ಹಳೇ ಹಗ್ಗ ಸವೆದು ಹೋದಾಗ ಹೊಸದು ಹಾಕಿದ್ದು ನಾನೇ ಅಲ್ವಾ?” ಗಂಡ ಎದ್ದ.

“ಬೇಡ. ಇವಳನ್ನ ಎತ್ತಿ ಆಡಿಸಿದ ಕೈ ಇದು. ದಾಟಿಸಿ ಬರೋದೂ ಇದೇ ಆಗಲಿ.”

ಅವನು ಕೂತ. ಕಣ್ಣು ಮಾತ್ರ ಕೂರಲಿಲ್ಲ.

ಅಕ್ಕ ಗೋಣಿ ಹಾಸಿದಳು. ಜಿಡ್ಡು ತಾಗದಿರಲೆಂದು ಮೊದಲು ಕಿರುಬೆರಳಿನ ಉಂಗುರ ತೆಗೆದಿಟ್ಟಳು. ಮದುವೆಯಾದಾಗಿನಿಂದ ಗಂಡ ಕೊಟ್ಟ ಒಂದೇ ಒಡವೆ, ಈಚೆಗೆ ಕೊಟ್ಟದ್ದು. ಹಿತ್ತಾಳೆಯದಾದರೇನು, “ನಿನಗೇ ಅಂತ ಅಳತೆ ಕೊಟ್ಟು ಮಾಡಿಸಿದ್ದು” ಎಂದಿದ್ದ. ಹೊರಗೆ ಸಣ್ಣ ಮೆಟ್ಟಿಲಿನಂಥ ಅಂಚು, ಒಳಗೆ ಒಂದು ಮಗ್ಗುಲು ಸವೆತ. ಯಾರೋ ತೊಟ್ಟು ಸವೆಸಿದ್ದನ್ನೇ ಉಜ್ಜಿ ತಂದಿದ್ದಾನೆ, ಸುಳ್ಳಾದರೂ ಪ್ರೀತಿಗೆ ಹೇಳಿದ ಸುಳ್ಳು ಎಂದು ಅವಳು ಒಳಗೊಳಗೇ ನಕ್ಕಿದ್ದಳು.

ಬಿಚ್ಚಿದ್ದನ್ನೆಲ್ಲ ಸಾಲಾಗಿ ಇಡು, ಕಟ್ಟುವಾಗ ಏನೂ ಉಳಿಯಬಾರದು. ಇದು ಅಪ್ಪನ ಪಾಠ. ಹುಡುಗಿಯಾಗಿದ್ದಾಗ ಅವನ ಪಕ್ಕದಲ್ಲಿ ಕೂತು ನೋಡಿದ್ದಷ್ಟೆ. ನಟ್ಟು, ವಾಷರ್, ಮುಚ್ಚಳ, ರಾಟೆ ಒಂದರ ಪಕ್ಕ ಒಂದು ಬಂದವು.

“ಸ್ಪ್ರಿಂಗ್ ಹುಷಾರು ಅಕ್ಕ, ಹಾರಿದ್ರೆ ಕಣ್ಣಿಗೇ ಬರತ್ತೆ” ಎಂದಳು ತಂಗಿ.

“ಬೆನ್ನಿಗೆ ಬರೋದಕ್ಕಿಂತ ಕಣ್ಣಿಗೆ ಬರೋದು ವಾಸಿ.”

ತಂಗಿ ಸೊಂಟದ ಚಾಕು ಬಿಚ್ಚಿ ದೋಣಿಯ ಅಂಚಿನ ಮೇಲಿಟ್ಟು, ನೀರಿನ ಕಡೆ ಮುಖ ತಿರುಗಿಸಿ ನಿಂತಳು.

ಹೊಸ ಹಗ್ಗ ರಾಟೆಗೆ ಸುತ್ತಿಕೊಂಡಿತು. ಮುಚ್ಚಳ ಕೂತಿತು, ನಟ್ಟುಗಳು ಬಿಗಿದವು. ಹಗ್ಗದ ತುದಿಯನ್ನು ಮುಚ್ಚಳದ ಬಾಯಿಂದ ಹೊರಗೆ ತೂರಿಸಿ ಅಕ್ಕ ಒಂದು ಗೇಣು ಎಳೆದಳು. ಚುರ್ ಎಂದಿತು. ಬೆರಳಲ್ಲಿ ರಕ್ತ. ಹೊಚ್ಚಹೊಸ ಹಗ್ಗದ ಎಳೆಗಳು ಒಂದು ಕಡೆ ನುಣ್ಣಗೆ ಕತ್ತರಿಸಿಹೋಗಿದ್ದವು.

ಅವಳು ಬಗ್ಗಿ ನೋಡಿದಳು. ಬಾಯಿ ಹಗ್ಗಕ್ಕಿಂತ ತುಂಬ ಅಗಲ. ತಗಡಿನ ಅಂಚು ಬೋಳು, ಬ್ಲೇಡಿನಂತೆ ಹರಿತ. ಅಲ್ಲಿ ಹಗ್ಗವನ್ನು ಕಾಯುವಂಥದ್ದು ಏನೋ ಇರಬೇಕಿತ್ತು.

ಗೋಣಿಯ ಕಡೆ ತಿರುಗಿದಳು. ಎಲ್ಲವೂ ಮೋಟಾರು ಸೇರಿತ್ತು. ಉಳಿದದ್ದು ಒಂದೇ.

“ಏನೇ ಅದು, ಯಾಕೆ ನಿಲ್ಲಿಸಿದೆ?” ಗಂಡನ ದನಿ ಸಣ್ಣಗಾಗಿತ್ತು.

ಅಕ್ಕ ತನ್ನ ಉಂಗುರವನ್ನು ಹಗ್ಗದ ತುದಿಗೆ ಪೋಣಿಸಿ, ಜಾರಿಸಿ, ಮುಚ್ಚಳದ ಬಾಯಿಗೆ ಒತ್ತಿದಳು. ಟಪ್ ಎಂದು ಕೂತಿತು. ಸವೆದ ಮಗ್ಗುಲು ಸರಿಯಾಗಿ ಹಗ್ಗದ ಕೆಳಗೇ ಬಂತು.

ಅಳತೆ ಕೊಟ್ಟು ಮಾಡಿಸಿದ ಹಾಗೆ.