ಮಡಿಲಿಗೆ ಒಗ್ಗಿದ ಗಿಟಾರು

ಮದುವೆಯಾದ ಹೊಸದರಲ್ಲೇ, "ಸೊಸೆಯಾದವಳಿಗೆ ಇದೆಲ್ಲ ಯಾಕೆ?" ಎಂದು ಅತ್ತೆ ಅವಳ ಗಿಟಾರನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ಗಂಡ ಆಗ ತುಟಿ ಬಿಚ್ಚಿರಲಿಲ್ಲ. ಈಗ ಅವನೇ ಅವಳನ್ನು ಗಿಟಾರಿನ ಅಂಗಡಿಗೆ ಕರೆತಂದಿದ್ದ.

"ನಿಧಾನಕ್ಕೆ ನುಡಿಸಿ ನೋಡೇ. ತೋಳು ನೋಯಬಾರ್ದು, ಬೆರಳು ಸಲೀಸಾಗಿ ಓಡ್ಬೇಕು."

ದಪ್ಪ ಹೊಟ್ಟೆಯದು ತೋಳಿಗೆ ಒತ್ತಿತು. ಇನ್ನೊಂದರ ತಂತಿ ಬೆರಳು ಕೊಯ್ಯುವಂತಿತ್ತು. ತೆಳ್ಳನೆಯದೊಂದು ಮಾತ್ರ ಮಡಿಲಲ್ಲಿ ತಾನಾಗಿ ಕೂತಿತು. ಸ್ಪೀಕರಿಗೆ ಸಿಕ್ಕಿಸಿ ಮೀಟಿದಾಗ, ಮರೆತೇಹೋಯಿತು ಅಂದುಕೊಂಡಿದ್ದ ಹಾಡನ್ನು ಬೆರಳುಗಳೇ ನೆನಪಿಸಿಕೊಂಡವು. ಗಂಡನ ಮೇಲಿನ ಹಳೆಯ ಸಿಟ್ಟೆಲ್ಲ ಇಳಿದುಹೋಯಿತು.

"ಇದೇ ಇರ್ಲಿ ರೀ."

"ಖಾತ್ರಿ ತಾನೇ?" ಎಂದವನು ತಂಗಿಗೆ ಫೋನು ಹಚ್ಚಿದ.

"ಚಂದ್ರೀ, ಸಿಕ್ತು ಕಣೇ ನಿನ್ನ ಗಿಟಾರು! ನಿಮ್ಮತ್ತಿಗೆ ಕೈ, ನಿನ್ನ ಕೈ ಒಂದೇ ಅಳತೆ ಅಲ್ವಾ, ಅದಕ್ಕೇ ಇವಳ್ನ ಕರ್ಕೊಂಡು ಬಂದೆ."