ಸೈಲೆನ್ಸರಿನ ಮೇಲಿನ ನೇರಳೆ

ಆ ನೇರಳೆ ಬಣ್ಣ ತುಕ್ಕಿನದಲ್ಲ.

ತ್ವಾನನ ಕೈಯಲ್ಲಿದ್ದ ತಂತಿಬ್ರಷ್ ನಿಂತಿತು. ಸ್ಕೂಟರಿನಿಂದ ಬಿಚ್ಚಿದ ಸೈಲೆನ್ಸರ್ ಅವನ ತೊಡೆಗಳ ನಡುವೆ ಇತ್ತು. ಕ್ವಿ ನ್ಯೋನ್ ಊರಿನ ಕಡಲಗಾಳಿಗೆ ಯಾವ ಕಬ್ಬಿಣವೂ ಬಾಳುವುದಿಲ್ಲ. ಇಷ್ಟು ವರ್ಷ ಅವನು ಕೆರೆದ ತುಕ್ಕನ್ನು ರಾಶಿ ಹಾಕಿದ್ದರೆ ಅವನ ರಿಪೇರಿ ಅಂಗಡಿಗಿಂತ ಎತ್ತರವಾಗುತ್ತಿತ್ತು. ಆದರೆ ಈ ತುಕ್ಕಿನ ಮೇಲೆ ಅಂಗೈಯಗಲ ಏನೋ ಕರಗಿ ಅಂಟಿತ್ತು. ಉಗುರಿನಿಂದ ಎಬ್ಬಿಸಿದ. ಪ್ಲಾಸ್ಟಿಕ್. ಮಳೆಯಂಗಿಯದು.

ಅಂಥದೇ ನೇರಳೆ ಮಳೆಯಂಗಿ ಅವನ ಮನೆಯ ಬಾಗಿಲ ಮೊಳೆಗೆ ನೇತಾಡುತ್ತಿತ್ತು. ಮಗಳು ದಿಯೆಮ್‌ಗೆಂದು ಅವನೇ ತಂದದ್ದು. ಹೋದ ವಾರದ ಮಳೆ ನಿಂತ ಮೇಲೆ ನೋಡಿದರೆ ಅದರ ಅಂಚು ಮುದುಡಿ ಕರಗಿಹೋಗಿತ್ತು. ಕೇಳಿದಾಗ ಮಗಳು ನೆಲ ನೋಡಿದಳು. ಅವನ ಅಮ್ಮ ಅಡುಗೆಮನೆಯಿಂದಲೇ, "ಇಲಿ ಕಡಿದಿರ್ಬೇಕು, ಬಿಡೋ" ಎಂದಳು. ಇಲಿ ಕಡಿದರೆ ಹರಿಯುತ್ತದೆ, ಕರಗುವುದಿಲ್ಲ. ತಾಯಿಯಿಲ್ಲದ ಹುಡುಗಿ, ಅಜ್ಜಿ ಮುಚ್ಚಿಡುತ್ತಿದ್ದಾಳೆ ಎಂದುಕೊಂಡು ಸುಮ್ಮನಾಗಿದ್ದ.

ಆಮೇಲೆ ಮನೆಯಲ್ಲಿ ಹಲ್ಲುಜ್ಜುವ ಪೇಸ್ಟು ಬೇಗಬೇಗ ಖಾಲಿಯಾಗತೊಡಗಿತು. ಸುಟ್ಟಗಾಯಕ್ಕೆ ಊರೆಲ್ಲ ಹಚ್ಚುವುದು ಅದನ್ನೇ. ಸೈಲೆನ್ಸರ್ ಸುಡುವುದು ಹಿಂದೆ ಕೂತವರ ಬಲಗಾಲಿನ ಮೀನಖಂಡವನ್ನು. ನೋಡೋಣವೆಂದರೆ ಮನೆಯ ಹೆಂಗಸರಿಬ್ಬರೂ ಹಿಮ್ಮಡಿಯವರೆಗೆ ಷರಾಯಿ ತೊಡುವವರು.

ತ್ವಾನ್ ತಲೆಯೆತ್ತಿದ. ಗಾಡಿ ತಂದ ಹುಡುಗ ಲಾಮ್ ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಅಂಗಡಿ ಮುಂದಿನ ಮರದ ಸುತ್ತ ತಿರುಗುತ್ತಿದ್ದ. ಒಗೆದ ಅಂಗಿ, ತಿದ್ದಿದ ಕ್ರಾಪು.

"ಇವತ್ತೇ ಆಗ್ಬೇಕು ಚಿಕ್ಕಪ್ಪ. ನಾಳೆ ಒಳ್ಳೇ ದಿನ. ಒಂದು ಮನೆಗೆ ಎಲೆ ಅಡಿಕೆ ತಗೊಂಡು ಹೋಗೋದಿದೆ." ಗಿರಾಕಿ ಹುಡುಗರೆಲ್ಲ ತ್ವಾನನನ್ನು ಕರೆಯುವುದು ಚಿಕ್ಕಪ್ಪ ಎಂದೇ.

ತ್ವಾನ್ ಬ್ರಷ್ ಕೆಳಗಿಟ್ಟ. ಎಲೆ ಅಡಿಕೆ ತೆಗೆದುಕೊಂಡು ಹೋಗುವುದು ಹೆಣ್ಣು ಕೇಳುವುದಕ್ಕೆ.

"ಯಾರ ಮನೆ?"

"ಹೇಳೋ ಹಾಗಿಲ್ಲ. ಆಣೆ ಹಾಕಿಸ್ಕೊಂಡಿದಾರೆ." ಹುಡುಗ ಚಪ್ಪಲಿಯ ತುದಿ ನೋಡಿದ. "ಆದ್ರೆ ಬಣ್ಣ ಮಾತ್ರ ನಿಮ್ಮ ಕೈಯಲ್ಲೇ ಹಾಕಿಸ್ಬೇಕು ಅಂತ ಅಪ್ಪಣೆ."

ತ್ವಾನ್ ಮತ್ತೆ ಬ್ರಷ್ ಹಿಡಿದ. ತುಕ್ಕು ಕೆಂಪು ಧೂಳಾಗಿ ಮೂಗು, ಹುಬ್ಬು, ರೆಪ್ಪೆಗೆಲ್ಲ ಹಾರಿತು. ಎದುರಿನ ಕಾಫಿ ಅಂಗಡಿಯ ಬಿಕ್ ಕೂಗಿದಳು:

"ಏನಣ್ಣಾ, ಕೆರೀತಿದೀಯೋ ಚರ್ಮ ಸುಲೀತಿದೀಯೋ? ಪಾಪ, ಅದೇನು ಮಾಡಿತ್ತು ನಿಂಗೆ?"

"ನೀನು ನಿನ್ನ ಕಾಫಿ ಸೋಸು."

ಮರಳುಕಾಗದ ತೆಗೆದ. ಈ ಸೈಲೆನ್ಸರನ್ನು ಹುಡುಗನ ಕಾಲಮೇಲೆ ಎತ್ತಿಹಾಕಿಬಿಡಲೇ ಎನ್ನಿಸಿತು. ಮಗಳು ಹೋದರೆ ಮನೆಯಲ್ಲಿ ಉಳಿಯುವವರು ಯಾರು? ಅವನು, ಮತ್ತೆ ಬೆಳಗ್ಗೆ ಕಡಲದಂಡೆಗೆ ವ್ಯಾಯಾಮಕ್ಕೆ ಹೋಗಿಬಂದು ಮಂಡಿನೋವೆಂದು ಕುಂಟುವ ಅವನ ಅಮ್ಮ. ಊಟದ ಹೊತ್ತಿಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರಬೇಕು. ಆಗದು ಅಂದುಬಿಡಬೇಕು.

"ಈ ನೇರಳೆ ಏನು ಹುಡುಗಾ?" ಎಂದ, ಆದಷ್ಟು ಮೆತ್ತಗೆ.

"ಹಿಂದೆ ಕೂತಿದ್ದೋರ ಮಳೆಯಂಗಿ. ಕಾಲೂ ಸುಟ್ಕೊಂಡ್ರು. ಅವ್ರಿಗೆ ಸ್ಕೂಟರ್ ಹತ್ತಿ ಇಳಿದು ಅಭ್ಯಾಸ ಇಲ್ಲ, ಪಾಪ. ಅಷ್ಟಾದ್ರೂ ಒಂದು ಸಲ 'ಅಯ್ಯೋ' ಅನ್ಲಿಲ್ಲ. ನಗ್ತಾನೇ ಇದ್ರಂತೆ."

ಅವರು, ಎಂದ. ಅವಳು ಎನ್ನಲಿಲ್ಲ. ಹುಡುಗರು ಹುಡುಗಿಯರ ಬಗ್ಗೆ ಹೇಗೆ ಮಾತಾಡುತ್ತಾರೆಂದು ತ್ವಾನನಿಗೆ ಗೊತ್ತಿತ್ತು; ದಿನವೂ ಈ ಮರದ ಕೆಳಗೇ ಕೇಳುತ್ತಿದ್ದ. ಇವನ ಬಾಯಲ್ಲಿ ಆ 'ಅವರು' ಎಷ್ಟು ಸಲೀಸಾಗಿ ಬಂತು. ಮರಳುಕಾಗದದ ಬಿರುಸು ತಾನಾಗಿಯೇ ಇಳಿಯಿತು.

"ನಿಮ್ಮ ಮನೇಲಿ ಚೆನ್ನಾಗಿ ನೋಡ್ಕೋತಾರಾ ಅವರನ್ನ?"

"ಕಣ್ಣಲ್ಲಿ ಕಣ್ಣಿಟ್ಟು. ಆದ್ರೆ ಆ ಮನೆ ಯಜಮಾನರದ್ದೇ ಹೆದರಿಕೆ ಚಿಕ್ಕಪ್ಪ. ಮುಂಗೋಪ ಅಂತೆ."

ಬಿಕ್ ಕಾಫಿ ಸೋಸುವುದನ್ನು ಬಿಟ್ಟು ಕಿವಿ ನಿಮಿರಿಸಿದ್ದಳು. ತ್ವಾನ್ ಚಿಂದಿಗೆ ವಿನೆಗರ್ ಹಾಕಿ ಒರೆಸಿದ. ಒಣಗಿಸಿದ. ಕಾವು ತಡೆಯುವ ಕರಿ ಬಣ್ಣವನ್ನು ತೆಳ್ಳಗೆ ಬಳಿದ, ಒಣಗಲು ಬಿಟ್ಟ, ಮತ್ತೆ ಬಳಿದ. ಮಗಳು ಹುಟ್ಟಿದ್ದು, ಹೆಂಡತಿ ಸತ್ತದ್ದು, ಅಮ್ಮ ಮೊಮ್ಮಗಳ ಜಡೆ ಹೆಣೆದದ್ದು ಎಲ್ಲ ಒಂದೊಂದಾಗಿ ನೆನಪಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಸೈಲೆನ್ಸರನ್ನು ಗಾಡಿಗೆ ಕೂರಿಸಿದ. ಹುಡುಗ ಕೇಳದಿದ್ದರೂ ಪೆಟ್ಟಿಗೆ ಕೆದಕಿ ತೂತುತೂತಿನ ಒಂದು ತಗಡು ತೆಗೆದು, ಕಾಲು ತಾಗುವ ಜಾಗಕ್ಕೆ ಅಡ್ಡವಾಗಿ ಸ್ಕ್ರೂ ಹಾಕಿ ಬಿಗಿದ.

"ಇದು ನನ್ನ ಕಡೆಯಿಂದ. ಇನ್ನು ಅವರ ಕಾಲು ಸುಡಬಾರದು. ಮೊದಲ ಕಾವಿಗೆ ಹೊಗೆ ಬರುತ್ತೆ, ಹೆದರ್ಬೇಡಿ. ಬೆಂದ್ರೇನೇ ಬಣ್ಣ ನಿಲ್ಲೋದು." ಸ್ಕ್ರೂಡ್ರೈವರನ್ನು ಪೆಟ್ಟಿಗೆಗೆ ಹಾಕಿದ. "ಆ ಯಜಮಾನನ ವಿಷಯ. ಅವನು ಬಾಗಿಲು ಹಾಕಲ್ಲ. ಮರ್ಯಾದೆಯಿಂದ ಬಂದು ಕೇಳಿದ್ರೆ ಹೂಂ ಅಂತಾನೆ. ನನ್ನ ಮಾತು ಅಂತ ತಿಳ್ಕೋ."

ಲಾಮ್ ಬಗ್ಗಿ ಅವನ ಮಸಿಗೈಯನ್ನೇ ಹಿಡಿದುಕೊಂಡ.

"ಕೇಳಿಸ್ಕೊಂಡೆ, ನಾನೇ ಸಾಕ್ಷಿ!" ಬಿಕ್ ಚಮಚದಿಂದ ಲೋಟ ಬಡಿದಳು.

ಮಾರನೆಯ ದಿನ ತ್ವಾನ್ ಇಸ್ತ್ರಿ ಅಂಗಿ ತೊಟ್ಟು ಹೊಸ್ತಿಲಿಗೂ ಗೇಟಿಗೂ ಓಡಾಡಿದ. ಒಳಗೆ ಹೆಂಗಸರಿಬ್ಬರೂ ಕೋಣೆ ಸೇರಿ ಗುಸುಗುಸು ನಡೆಸಿದ್ದರು. ಓಣಿಯ ತುದಿಯಿಂದ ಹೊಸ ಬಣ್ಣ ಬೇಯುವ ವಾಸನೆ ಬಂತು. ಹಿಂದೆಯೇ ಸ್ಕೂಟರ್.

ಲಾಮ್ ಹಿಂದಿನ ಸೀಟಿನಲ್ಲಿದ್ದ, ಕೆಂಪು ಬಟ್ಟೆ ಮುಚ್ಚಿದ ತಟ್ಟೆಯನ್ನು ತಬ್ಬಿಕೊಂಡು. ಮುಂದೆ ಕೂತು ಗಾಡಿ ಓಡಿಸಿದವರು ಹೆಲ್ಮೆಟ್ ತೆಗೆದರು. ಬೆಳ್ಳಗಿನ ತಲೆ, ಹಳೇ ಕೋಟು, ಎದೆಯ ಜೇಬಿನಲ್ಲಿ ಹೂವು.

"ಇವರು ನಮ್ಮ ತಾತ, ಚಿಕ್ಕಪ್ಪ," ಎಂದ ಲಾಮ್. "ಗಾಡಿ ಇವರದ್ದೇ."

ಹಿರಿಯರು ಬಂದಿದ್ದಾರೆ, ಪದ್ಧತಿ ಗೊತ್ತಿರುವ ಮನೆ ಎಂದು ತ್ವಾನನಿಗೆ ಸಮಾಧಾನವಾಯಿತು. ಕೈಮುಗಿದು ಕೂರಿಸಿ, "ದಿಯೆಮ್, ಬಾರಮ್ಮ" ಎಂದು ಕರೆದ.

"ಒಂದು ನಿಮಿಷ ಅಪ್ಪಾ, ಅವರ ಹತ್ರ ಮಾತಾಡ್ತಿರು," ಒಳಗಿಂದ ಮಗಳ ದನಿ, ನಗು ತಡೆಯಲಾರದೆ, "ಅಜ್ಜಿ ಕಾಲಿನ ಪೇಸ್ಟು ಒರೆಸ್ತಿದೀನಿ."