ಟ್ರಕ್ಕು ಎತ್ತರಿಸಿದ ಮೇಲೆ

ಸೊರಡಿ ಹಳ್ಳದ ಬಂಡೆ ಈ ಸಲ ಟ್ರಕ್ಕಿನ ಹೊಟ್ಟೆಗೆ ತಾಗಲೇ ಇಲ್ಲ. ಮಿಲಿಟರಿಯವರು ಹರಾಜು ಹಾಕಿದ್ದ ಆ ಹಳೆಯ ಗಾಡಿಯ ಸ್ಪ್ರಿಂಗುಗಳಿಗೆ ಶ್ರೀಶೈಲಪ್ಪ ನಿನ್ನೆಯಷ್ಟೇ ಜತ್ತ ಪೇಟೆಯ ಗ್ಯಾರೇಜಿನಲ್ಲಿ ಎರಡೆರಡು ಉಕ್ಕಿನ ಪಟ್ಟಿ, ಅಂದರೆ ಪಾಟಾ, ಹೆಚ್ಚಿಗೆ ಹಾಕಿಸಿ, ಅರ್ಧ ಗೇಣು ಎತ್ತರಿಸಿದ್ದ.

"ಗಾಡಿಗಿ ಆನಿ ಕಾಲ ಹಚ್ಚಿಸೀರೇನ್ರಿ!" ಎಂದು ಹಿಂದೆ ಕುಳಿತಿದ್ದ ಕೂಲಿಯಾಳು ಯಲ್ಲವ್ವ ನಕ್ಕಳು.

ಅಷ್ಟರಲ್ಲಿ ದಂಡೆಯ ಹೊಲದಿಂದ ಶ್ರೀಶೈಲಪ್ಪನ ಅಣ್ಣ ಸೋಮನಿಂಗಪ್ಪ ಎಂದಿನಂತೆ ಹಾರೆ ಹೊತ್ತು ಓಡಿಬಂದ. ಮನೆ ಪಾಲಾದಾಗಿನಿಂದ ಅಣ್ಣತಮ್ಮಂದಿರು ಮಾತಾಡುತ್ತಿದ್ದುದು ಗಾಡಿ ಇಲ್ಲಿ ಸಿಕ್ಕಿಬಿದ್ದಾಗ ಮಾತ್ರ. ಅದರಲ್ಲೂ ಮುಕ್ಕಾಲು ಪಾಲು ಬೈಗುಳ. ಬಂಡೆ ದಾಟಿಯಾಗಿದ್ದರೂ ಶ್ರೀಶೈಲಪ್ಪ ಬ್ರೇಕು ಒತ್ತಿದ.

ಸೋಮನಿಂಗಪ್ಪ ಬಗ್ಗಿ ಗಾಡಿಯ ಕೆಳಗೆ ನೋಡಿದ. "ಎಲ್ಲೂ ಸಿಕ್ಕಿಲ್ಲಲ್ಲೋ. ಮತ್ತ ಯಾಕ ನಿಂತಿ?"

ಶ್ರೀಶೈಲಪ್ಪ ಹಿಂದಿನ ಬಂಡೆಯತ್ತ ಒಮ್ಮೆ ತಿರುಗಿ ನೋಡಿ ಗೇರು ಹಾಕಿದ.